ಬೂದಿಹೊಲದ ಸೊಪ್ಪು

ಹೊಗೆಸೊಪ್ಪಿನ ಕುಡಿ ಮುರಿಯುವ ದಿನಗಳಲ್ಲಿ ನಮ್ಮ ಕೇರಿಯ ಪ್ರತಿ ಮನೆಯಲ್ಲೂ ಒಬ್ಬಳು ಕೈ ಉಳಿಸಿಕೊಳ್ಳಬೇಕಿತ್ತು. ಮಿಕ್ಕವರೆಲ್ಲ ಹೊಲಕ್ಕೆ ಹೋಗುವರು. ಆ ಒಬ್ಬಳು ಮಾತ್ರ ಸೊಪ್ಪು ಮುಟ್ಟಬಾರದು. ಮಧ್ಯಾಹ್ನ ಮುದ್ದೆ ಹೊತ್ತುಕೊಂಡು ಬದುವಿಗೆ ಹೋಗಿ, ತುತ್ತು ಮಾಡಿ, ಕೆಲಸ ಮಾಡಿದವರ ಬಾಯಿಗೆ ಅವಳೇ ಇಡಬೇಕು.

ಕುಡಿ ಮುರಿದ ಕೈಗೆ ಹತ್ತುವ ಅಂಟು ಸೋಪಿಗೆ ಹೋಗುವುದಿಲ್ಲ. ಬೂದಿ ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಮೊದಲು ಹಸಿರು, ಆಮೇಲೆ ಕಪ್ಪು, ಸಂಜೆಯ ಹೊತ್ತಿಗೆ ತಾರಿನ ಹಾಗೆ ಗಟ್ಟಿ. ಆ ಕೈಯಲ್ಲಿ ಉಂಡರೆ ತಲೆ ತಿರುಗುತ್ತದೆ. ಉಂಡದ್ದೆಲ್ಲ ಆಚೆಗೆ ಬರುತ್ತದೆ. ಎಳೆಮಕ್ಕಳ ತಾಯಂದಿರು ತಮ್ಮ ಕುಪ್ಪಸದ ಗುಂಡಿಯನ್ನು ತಾವು ಬಿಚ್ಚುತ್ತಿರಲಿಲ್ಲ. ಕೈ ಉಳಿಸಿಕೊಂಡವಳು ಬಂದು ಬಿಚ್ಚಿ, ಮಗುವಿನ ಬಾಯನ್ನು ಮೊಲೆಗೆ ಹಿಡಿಯಬೇಕಿತ್ತು. ತಾಯಿ ಎರಡೂ ಕೈಯನ್ನು ಆಚೆ ಚಾಚಿಕೊಂಡು ಕೂತಿರುತ್ತಿದ್ದಳು, ತನ್ನ ಮಗುವನ್ನು ತಾನು ಮುಟ್ಟದೆ.

ನಾನು ಮದುವೆಯಾಗಿ ಬಂದ ವರ್ಷ ನಮ್ಮತ್ತೆ ಚಿಕ್ಕಕ್ಕ ಹೇಳಿದಳು: "ಜೋತಿ, ಈ ಮನೇಲಿ ಕೈ ಉಳಿಸ್ಕೊಳ್ಳೋಳು ನೀನು. ಸೊಪ್ಪಿನ ಕಡೆ ಸುಳೀಬ್ಯಾಡ."

ಮನೆಯಲ್ಲಿ ನನ್ನನ್ನು ಗದರಿಸುತ್ತಿದ್ದ ಹೆಂಗಸು ಬದುವಿನ ಮೇಲೆ ಕೈ ಹಿಂದಕ್ಕಿಟ್ಟು ಬಾಯಿ ತೆರೆಯುತ್ತಿದ್ದಳು. ಕಣ್ಣು ಮಾತ್ರ ಬೇರೆಲ್ಲೋ. ಹಸಿವನ್ನು ಇನ್ನೊಬ್ಬರ ಕೈಗೆ ಒಪ್ಪಿಸಿದವರ ಕಣ್ಣು ಹಾಗಿರುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಸೊಕ್ಕು ಅಂದುಕೊಂಡಿದ್ದೆ. ದೊಡ್ಡ ತುತ್ತಿಟ್ಟರೆ, "ಚೀಲಕ್ಕೆ ತುಂಬ್ದಂಗೆ ತುಂಬ್ತೀಯಲ್ಲೇ" ಅನ್ನುವಳು. ಸಣ್ಣದಿಟ್ಟರೆ, "ನಿಮ್ಮವ್ವ ನಿಂಗೆ ಹಿಂಗೇನಾ ಉಣ್ಸಿದ್ದು, ಗುಬ್ಬಿಗೆ ಉಣ್ಸ್ದಂಗೆ" ಅನ್ನುವಳು.

ಹೊಲ ಊರಿನ ಲಕ್ಷ್ಮೀಪತಿಯದು. ವಳ್ಳೂರಿಗೆ ಹೋಗುವ ದಾರಿಯ ಪಕ್ಕ, ಊರಿನ ಪಡುವಲಿಗೆ ಇತ್ತು. ಮಣ್ಣು ಬೂದಿ ಬಣ್ಣದ್ದು, ಅದಕ್ಕೇ ಬೂದಿಹೊಲ. ಸುತ್ತಲಿನ ಹೊಲಗಳಲ್ಲಿ ಕಡಲೆಕಾಯಿ ಬಿಟ್ಟು ಬೇರೆ ಬರದಿದ್ದರೂ ಅಲ್ಲಿ ಮಾತ್ರ ಚುಟ್ಟದ ಸೊಪ್ಪು ಬರುತ್ತಿತ್ತು. ಎಲೆ ಚಿಕ್ಕದು, ದಪ್ಪ. ಒಣಗಿಸಿ ಸುತ್ತಿ ಹಚ್ಚಿದರೆ ಕಡೆಯವರೆಗೂ ಬೆಂಕಿ ಆರುತ್ತಿರಲಿಲ್ಲ. ಬೂದಿ ಬೆಳ್ಳಗೆ, ಉದುರದೆ ನಿಲ್ಲುತ್ತಿತ್ತು. ಸಿರಾದ ನಸ್ರುಲ್ಲಾ ಸಾಹೇಬರು ಪ್ರತಿ ವರ್ಷ ಬಂದು ಕೊಳ್ಳುತ್ತಿದ್ದರು. ಮಡಕಶಿರಾ ಕಡೆಯ ಮುದುಕರು ಈ ಸೊಪ್ಪು ಬಿಟ್ಟರೆ ಬೇರೆ ಮುಟ್ಟುವುದಿಲ್ಲ ಅನ್ನುತ್ತಿದ್ದರು.

ಬೀಜ ನಮ್ಮತ್ತೆಯದು. ಅದನ್ನು ಅವಳ ಅತ್ತೆ ಅವಳಿಗೆ ಕೊಟ್ಟಿದ್ದಳು. ಬೆಳೆಯಲ್ಲಿ ಒಳ್ಳೆಯ ಗಿಡವೊಂದನ್ನು ಕುಡಿ ಮುರಿಯದೆ ಬಿಡುವಳು. ಹೂ ಬಂದ ಕೂಡಲೇ ಹಳೇ ಸೀರೆಯ ತುಂಡು ಕಟ್ಟಿ ಮುಚ್ಚುವಳು. ಕಾಯಿ ಒಡೆದರೆ ಒಳಗೆ ಧೂಳಿನಂಥ ಬೀಜ. ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಅದನ್ನು ಬಿಚ್ಚುವಾಗ ಅವಳು ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತಿದ್ದಳು.

"ಈ ಸೊಪ್ಪಿನ ತಾಕತ್ತೆಲ್ಲ ಇದ್ರಾಗೈತೆ" ಎಂದು ನನಗೆ ತೋರಿಸುವಳು. "ಆವಯ್ಯ ನೆಲ ನೆಲ ಅಂತಾನೆ. ನೆಲ ಎಲ್ಲಿ ಬೇಕಾದ್ರೂ ಸಿಗ್ತದೆ."

ಲಕ್ಷ್ಮೀಪತಿ ಹೊಂಗೆ ಮರದ ನೆರಳಲ್ಲಿ ನಿಂತು ನಮ್ಮ ಹೆಂಗಸರು ಸೊಪ್ಪಿನ ಘಾಟಿಗೆ ಬಾಗಿ ವಾಂತಿ ಮಾಡುವುದನ್ನು ನೋಡುತ್ತಾ ಅದೇ ಮಾತು ಹೇಳುತ್ತಿದ್ದ. "ನೆಲದ ಗುಣ ಕಣ್ರೇ. ಈ ನೆಲ್ದಾಗೆ ಬೆಂಡೆಕಾಯಿ ಹಾಕಿದ್ರೂ ಖಾರ ಬತ್ತದೆ."

ಚಿಕ್ಕಕ್ಕ ತಲೆ ಎತ್ತುತ್ತಿರಲಿಲ್ಲ. ಮನಸ್ಸಿನಲ್ಲಿ ಮಾತ್ರ ಉತ್ತರ ಕೊಡುತ್ತಿದ್ದಳು. ಆ ಉತ್ತರದ ಮೇಲೆ ಅವಳು ಬದುಕಿದ್ದಳು ಎಂದರೆ ತಪ್ಪಲ್ಲ. ಉಟ್ಟ ಸೀರೆ ಗಂಡನ ಮನೆಯದು, ಗುಡಿಸಲು ಸರ್ಕಾರದ್ದು, ಕೂಲಿ ಊರಿನದು. ಧೂಳಿನಂಥ ಆ ಬೀಜ ಒಂದು ಮಾತ್ರ ಅವಳದು. ತಾನಿಲ್ಲದಿದ್ದರೆ ಆ ನೆಲ ಬರೀ ನೆಲ ಎಂದು ಅವಳು ನಂಬಿದ್ದಳು.

ಸೋಲಾರ್ ಬಂತು. ತಿರುಮಣಿಯಿಂದ ವಳ್ಳೂರಿನವರೆಗೂ ನೆಲ ಕನ್ನಡಿಯಾಯಿತು. ಪಹಣಿ ಇದ್ದವರಿಗೆ ವರ್ಷ ವರ್ಷ ಗುತ್ತಿಗೆ ಹಣ. ಲಕ್ಷ್ಮೀಪತಿ ಬೂದಿಹೊಲವನ್ನೂ ಕೊಟ್ಟ. ಹೊಲ ಮಾಡುತ್ತಿದ್ದ ನಮಗೆ ಏನೂ ಇರಲಿಲ್ಲ.

ಚಿಕ್ಕಕ್ಕ ಅವನ ಮನೆಯ ಅಂಗಳದಲ್ಲಿ ಹೋಗಿ ನಿಂತಳು. ಜಗಲಿಯವರೆಗೆ ನಮಗೆ ದಾರಿಯಿಲ್ಲ. ನಾನೂ ಹಿಂದೆ ಇದ್ದೆ.

"ಸಾಮಿ, ನಮ್ಗೇನು?"

"ನಿಮ್ದೇನೈತೆ ಅಲ್ಲಿ?"

"ಬೀಜ ಐತೆ ಸಾಮಿ."

ಲಕ್ಷ್ಮೀಪತಿ ನಕ್ಕ. ಕಾಫಿ ಲೋಟ ಅಲುಗುವ ಹಾಗೆ ನಕ್ಕ. "ಬೀಜಾನ? ತಗೊಂಡೋಗೇ. ಗುಡ್ಸಿ ಗಂಟು ಕಟ್ಕೊಂಡು ತಗೊಂಡೋಗು. ಯಾರು ಬ್ಯಾಡಾಂದ್ರು?"

"ತಗೊಂಡೋಯ್ತೀನಿ ಸಾಮಿ" ಅಂದಳು ಚಿಕ್ಕಕ್ಕ. ದಾರಿಯಲ್ಲಿ ನನಗೆ ಹೇಳಿದಳು, "ಆವಯ್ಯನೇ ಬಾಯ್ಬಿಟ್ಟು ಕೊಟ್ಬುಟ್ಟ, ಕೇಳಿಸ್ಕೊಂಡೆಯಲ್ಲ?" ಅವಳ ದನಿಯಲ್ಲಿ ಗೆದ್ದ ಖುಷಿ ಇತ್ತು. ಅವಮಾನವನ್ನು ದಾನ ಎಂದು ಲೆಕ್ಕ ಹಾಕುವುದು ನಮ್ಮ ಹೆಂಗಸರಿಗೆ ರೂಢಿ.

ಕೇರಿಯಲ್ಲಿ ಉಳಿದಿದ್ದು ಒಂದೇ ಕೆಲಸ. ಪ್ಯಾನಲ್‌ಗಳ ಅಡಿ ಬೆಳೆದ ಹುಲ್ಲು ಕತ್ತರಿಸುವುದು. ಅದರ ಕಂಟ್ರಾಕ್ಟು ಲಕ್ಷ್ಮೀಪತಿಯ ತಮ್ಮನ ಮಗ ನವೀನ್‌ಕುಮಾರನದು. ಅವನು ಕರೆದವರು ಬೆಳಿಗ್ಗೆ ಕೇರಿಗೆ ಬರುವ ಟೆಂಪೋ ಹತ್ತಬೇಕು, ಕರೆಯದವರು ಮನೆಗೆ ಹೋಗಬೇಕು. ಚಿಕ್ಕಕ್ಕ ಹೋಗಲಿಲ್ಲ. ಬೀಜ ತಗೊಂಡು ನನ್ನ ಜತೆ ಸಿರಾ ಬಸ್ಸು ಹತ್ತಿದಳು.

ನಸ್ರುಲ್ಲಾ ಸಾಹೇಬರ ಅಂಗಡಿ ಕೋಟೆಯ ಹಿಂದಿನ ಬೀದಿಯಲ್ಲಿತ್ತು. ಬೂದಿಹೊಲದ ಸೊಪ್ಪು ಬರದೆ ಅವರಿಗೂ ಗಿರಾಕಿ ಹೋಗಿತ್ತು. ನೆಲ ಕೊಟ್ಟರೆ ಅದೇ ಬೀಜ ಹಾಕುತ್ತೇನೆ ಎಂಬ ಅವಳ ಮಾತು ಕೇಳಿ ಗಡ್ಡ ಕೆರೆದುಕೊಂಡರು.

"ಸೊಪ್ಪು ಅದೇ ಬರುತ್ತಾ ಅಮ್ಮಾ?"

"ಬೀಜ ಅದೇ ಸಾಬ್ರೇ. ಇನ್ನೇನ್ ಬಂದಾತು? ಹೆಸರುಕಾಳು ಬತ್ತದಾ?"

ಊರಾಚೆ ಅವರದೊಂದು ತುಂಡು ಜಮೀನಿತ್ತು. ಕೆಂಪು ಮಣ್ಣು, ಸಿಹಿ ನೀರಿನ ಬೋರು. ಬೆಳೆದದ್ದರಲ್ಲಿ ಅರ್ಧ ನಮಗೆ ಅಂದರು. ಸೊಪ್ಪು ಕೂಡಿಬಂದರೆ ಪ್ರತಿ ವರ್ಷ ಜಮೀನು ನಮ್ಮ ಕೈಗೆ. ಆಮೇಲೆ ನಾವು ಯಾರ ಟೆಂಪೋದ ಮುಂದೆಯೂ ನಿಲ್ಲಬೇಕಿಲ್ಲ. ನನ್ನ ಗಂಡ ಓಬಳಯ್ಯ ಮಕ್ಕಳನ್ನು ನೋಡಿಕೊಳ್ಳಲು ಒಪ್ಪಿದ. ಅತ್ತೆ, ನಾನು ಇಬ್ಬರೂ ಪಂಪ್‌ಸೆಟ್ಟಿನ ಕೋಣೆಯಲ್ಲಿ ಉಳಿದೆವು.

ಸಸಿ ಎದ್ದಿತು. ನಾಟಿ ಮಾಡಿದೆವು. ಗಿಡ ಬೆಳೆದದ್ದು ನೋಡಿದರೆ ಕಣ್ಣು ತಾಗಬೇಕು, ಹಾಗೆ ಬೆಳೆಯಿತು. ಎಲೆ ಅಗಲ, ಎಣ್ಣೆ ಹಚ್ಚಿದಂಥ ಹಸಿರು. ಸಾಹೇಬರ ಹೆಂಡತಿ ಅಮೀರ್ ಬಿ ಟೀ ತಂದು ಕೊಡುತ್ತಾ ಗಿಡದ ಪಕ್ಕ ನಿಂತು ನೋಡುವರು. "ಯಾ ಅಲ್ಲಾ, ಏನಮ್ಮಾ ಚಿಕ್ಕಕ್ಕ, ತಂಬಾಕು ಹಾಕಿದ್ದೀಯೋ ಬಾಳೆ ಹಾಕಿದ್ದೀಯೋ? ಮದುವೆ ಊಟಕ್ಕೆ ಹಾಸಬಹುದಲ್ಲ."

"ನಿಮ್ಮ ಮಗಳು ತಮನ್ನಾ ಮದ್ವೆಗೆ ಇದ್ರಾಗೇ ಬಡ್ಸಿ ಬೂಬಮ್ಮ. ಉಂಡೋರು ಒಬ್ರೂ ಎದ್ದೋಗಲ್ಲ, ಅಲ್ಲೇ ತಲೆ ತಿರುಗಿ ಬೀಳ್ತಾರೆ."

ಅವಳು ಅಷ್ಟು ನಗುವುದನ್ನು ನಾನು ನೋಡಿರಲಿಲ್ಲ.

ಕುಡಿ ಮುರಿಯುವ ದಿನ ಬಂತು. ನಾನು ಎಂದಿನಂತೆ ಕೈ ಉಳಿಸಿಕೊಂಡೆ. ಮಧ್ಯಾಹ್ನ ಮುದ್ದೆ, ಹುರುಳಿ ಸಾರು ತಗೊಂಡು ಹೋದೆ. ಅವಳು ಬದುವಿನ ಮೇಲೆ ಕೂತು ತನ್ನ ಅಂಗೈ ನೋಡುತ್ತಿದ್ದಳು. ಅಂಟು ಇತ್ತು. ತೆಳ್ಳಗೆ, ಹಸಿರಾಗಿ. ಕಪ್ಪಾಗಿರಲಿಲ್ಲ. ಮೂಸಿದಳು. ನಾಲಿಗೆ ಚಾಚಿ ಬೆರಳ ತುದಿ ನೆಕ್ಕಿದಳು.

ನಾನು ತುತ್ತು ಮಾಡಿ ಅವಳ ಬಾಯಿಯ ಹತ್ತಿರ ಹಿಡಿದೆ.

"ತಟ್ಟೆ ಇಲ್ಲಿ ಕೊಡು."

"ಅತ್ತೆ, ಕೈ..."

"ಕೊಡು ಅಂದೆ."

ತಟ್ಟೆ ಕಿತ್ತುಕೊಂಡು ತನ್ನ ಕೈಯಿಂದಲೇ ಮುದ್ದೆ ಮುರಿದು ನುಂಗಿದಳು. ಇನ್ನೊಂದು. ಮತ್ತೊಂದು. ಮುದ್ದೆ ಪೂರ್ತಿ ಉಂಡಳು. ತಟ್ಟೆ ಬಳಿದಳು. ವಾಂತಿಯಾಗಲಿಲ್ಲ. ತಲೆ ತಿರುಗಲಿಲ್ಲ.

ಮೊದಲ ಗಳಿಗೆ ನನಗೆ ಸಂತೋಷವಾಯಿತು. ಹೆಂಗಸರನ್ನು ಬಗ್ಗಿಸಿ ವಾಂತಿ ಮಾಡಿಸದ ಬೆಳೆ. ಬಾಣಂತಿ ತನ್ನ ಮಗುವನ್ನು ತಾನೇ ಎತ್ತಿಕೊಳ್ಳಬಹುದಾದ ಬೆಳೆ. ಆಮೇಲೆ ಅವಳ ಮುಖ ನೋಡಿದೆ.

"ಕಹಿ ಇಲ್ಲ ಕಣೇ ಜೋತಿ" ಅಂದಳು. ಸತ್ತ ಸುದ್ದಿ ಹೇಳುವ ದನಿ ಅದು.

ಆದರೂ ಕೊಯ್ದೆವು. ಹಗ್ಗಕ್ಕೆ ಕಟ್ಟಿ ಒಣಗಿಸಿದೆವು. ರಾಶಿ ಹಾಕಿ, ಗೋಣಿ ಹೊದಿಸಿ, ಬಿಸಿಯೇರುವವರೆಗೆ ಕಾದೆವು. ಬಿಸಿಯೇರಿದರೆ ಖಾರ ಕೂಡಿ ಸರಿಹೋಗುತ್ತದೆ ಎಂದು ಅವಳು ದಿನಾ ಹೇಳುವಳು. ರಾಶಿಯೊಳಗೆ ಮೊಣಕೈವರೆಗೆ ತೋಳು ತೂರಿಸಿ ನೋಡುವಳು. ನೆಲದ ಮಾತು ಅವಳು ಆಡಲಿಲ್ಲ, ನಾನೂ ಆಡಲಿಲ್ಲ.

ನಸ್ರುಲ್ಲಾ ಸಾಹೇಬರು ಬಂದ ದಿನ ಅವಳೇ ಚುಟ್ಟ ಸುತ್ತಿದಳು. ಒಂದು ಅವರಿಗೆ, ಒಂದು ತನಗೆ. ನಮ್ಮ ಕಡೆಯ ಮುದುಕಿಯರು ಚುಟ್ಟವನ್ನು ತಿರುಗಿಸಿ ಸೇದುತ್ತಾರೆ, ಬೆಂಕಿಯ ತುದಿ ಬಾಯೊಳಗಿಟ್ಟು. ಊರಿನವರ ಹೊಲದಲ್ಲಿ ಹೆಂಗಸು ಹೊಗೆ ಬಿಡುವುದು ಕಾಣಬಾರದಲ್ಲ, ಹಾಗೆ ಕಲಿತದ್ದು. ಅವಳು ಹಚ್ಚಿ ಬಾಯೊಳಗಿಟ್ಟು ತುಟಿ ಮುಚ್ಚಿದಳು. ಕೆನ್ನೆ ಒಳಕ್ಕೆ ಹೋಯಿತು. ಮತ್ತೊಮ್ಮೆ ಹೋಯಿತು. ಆಮೇಲೆ ತೆಗೆದು ನೋಡಿದಳು. ಬೆಂಕಿ ಅವಳ ನಾಲಿಗೆಯ ಮೇಲೆ ಆರಿಹೋಗಿತ್ತು. ತುದಿಯಲ್ಲಿ ಕರೀ ಮಸಿ. ಸಾಹೇಬರದೂ ಆರಿತು. ಮತ್ತೆ ಹಚ್ಚಿದರು. ಮತ್ತೆ ಆರಿತು.

"ಬುರಾ ಮತ್ ಮಾನೋ ಅಮ್ಮಾ, ಬೇಜಾರು ಮಾಡ್ಕೋಬೇಡ" ಅಂದರು. "ನೋಡೋಕೆ ನವಾಬ. ಒಳಗೆ ದಮ್ಮಿಲ್ಲ."

"ಬೀಜ ಅದೇ ಸಾಬ್ರೇ. ನನ್ನ ಮಕ್ಕಳಾಣೆ. ಬೆರಕೆ ಇಲ್ಲ."

"ನಿನ್ನ ಬೀಜಕ್ಕೆ ನಾನೇನೂ ಅಂದಿಲ್ಲ ಅಮ್ಮಾ. ನಮ್ಮ ಅಬ್ಬಾ ಹೇಳೋರು, ಬೀಜ ತಾಯಿ ಅಂತೆ, ಮಣ್ಣು ದಾಯಿ ಅಂತೆ. ಹೆತ್ತೋಳು ಒಬ್ಬಳು, ಹಾಲು ಕುಡ್ಸಿದೋಳು ಇನ್ನೊಬ್ಬಳು. ಬೆಂಕಿ ಹಿಡಿಯೋ ತಂಬಾಕು ಆಗಬೇಕಾದ್ರೆ ಜನ ಬಾಳಿ ಬಿಟ್ಟ ಮಣ್ಣು ಬೇಕು. ಒಲೆ ಬೂದಿ, ದನದ ಗಂಜಲ, ಬಿದ್ದ ಗೋಡೆ. ಆ ಉಪ್ಪು ಗೊಬ್ಬರದಂಗಡೀಲಿ ಸಿಗಲ್ಲ." ಆಮೇಲೆ ಕೇಳಿದರು, "ನಿಮ್ಮ ಬೂದಿಹೊಲದಲ್ಲಿ ಮೊದ್ಲು ಏನಿತ್ತು?"

ಚಿಕ್ಕಕ್ಕ ಆರಿದ ಚುಟ್ಟವನ್ನೇ ಬೆರಳಲ್ಲಿ ತಿರುಗಿಸುತ್ತಿದ್ದಳು. ನಾನು ಹೇಳಿದೆ: "ನಮ್ಮ ಕೇರಿ ಇತ್ತು."

ಅದು ಗುಟ್ಟೇನಲ್ಲ. ಕೇರಿಯ ಮಕ್ಕಳಿಗೂ ಗೊತ್ತಿತ್ತು. ಚಿಕ್ಕಕ್ಕನ ಅತ್ತೆಯ ಅತ್ತೆಯ ಕಾಲದಲ್ಲಿ ಕೇರಿ ಊರಿನ ಪಡುವಲಿಗಿತ್ತು. ಪಡುವಣ ಗಾಳಿ ನಮ್ಮ ಗುಡಿಸಲುಗಳ ಮೇಲೆ ಬೀಸಿ ಊರಿನ ಮೇಲೆ ಹೋಗುತ್ತಿತ್ತು. ನಮ್ಮನ್ನು ಸೋಕಿದ ಗಾಳಿ. ಲಕ್ಷ್ಮೀಪತಿಯ ಹಿರಿಯರು ಪಂಚಾಯ್ತಿ ಸೇರಿಸಿ ಕೇರಿಯನ್ನು ಮೂಡಲಿನ ಕಲ್ಲು ಬೋರೆಗೆ ಎಬ್ಬಿಸಿದರು. ಬಿಟ್ಟ ಜಾಗ ಹೊಲವಾಯಿತು. ಗುದ್ದಲಿ ಹಾಕಿದರೆ ಬೀಸುಕಲ್ಲಿನ ಚೂರು, ಬಳೆ ಚೂರು ಸಿಗುತ್ತಿದ್ದವು. ಅವನ್ನು ಆಯ್ದು ಬದುವಿಗೆ ಎಸೆದು ನಾವು ಸಸಿ ನೆಡುತ್ತಿದ್ದೆವು. ಆ ಚೂರಿಗೂ ಈ ಸೊಪ್ಪಿಗೂ ಸಂಬಂಧವಿದೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಮ್ಮದು ಎನ್ನುವುದೇನಾದರೂ ಇದ್ದರೆ ಅದು ಕೈಯಲ್ಲಿ ಹಿಡಿದು ಒಯ್ಯುವಷ್ಟು ಚಿಕ್ಕದಿರಬೇಕು ಎಂದು ನಾವು ಅಂದುಕೊಂಡಿದ್ದೆವು. ಬೀಜದಷ್ಟು.

ಮತ್ತೊಂದು ವರ್ಷ ಸಾಹೇಬರು ಒಪ್ಪಲಿಲ್ಲ. ಅವರದು ತಪ್ಪೂ ಅಲ್ಲ. ಅಮೀರ್ ಬಿ ಬಸ್‌ಸ್ಟ್ಯಾಂಡಿನವರೆಗೂ ಬಂದು ಬಾಳೆಹಣ್ಣು ಕೊಟ್ಟು ಹೋದರು. ಮಧುಗಿರಿ ದಾಟಿದ ಮೇಲೆ ಚಿಕ್ಕಕ್ಕ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. "ಆವಯ್ಯ ಸುಳ್ಳು ಹೇಳಿರ್ಲಿಲ್ಲ ಜೋತಿ. ನೆಲಾನೇ."

ಮಾರನೆ ವಾರ ಅವಳೂ ಟೆಂಪೋದ ಮುಂದೆ ನಿಂತಳು. ನವೀನ್‌ಕುಮಾರ್ ಕರೆದ.

ಪ್ಯಾನಲ್ ಸಾಲುಗಳ ನಡುವೆ ಬಗ್ಗಿಕೊಂಡೇ ನಡೆಯಬೇಕು. ತಲೆ ಎತ್ತಿದರೆ ಕಬ್ಬಿಣ ಬಡಿಯುತ್ತದೆ. ಕೆಳಗೆ ನೆಲದ ಕಾವು, ಮೇಲೆ ಗಾಜಿನ ಕಾವು. ಮುಟ್ಟಾದ ಹೆಂಗಸರಿಗೆ ಕೂರಲೊಂದು ಮರೆ ಇಲ್ಲ, ಮೈಲಿಗಟ್ಟಲೆ ಬರೀ ಕಂಬ. ಒಂದು ದಿನ ನಮ್ಮನ್ನು ಬೂದಿಹೊಲಕ್ಕೆ ಬಿಟ್ಟರು. ಗುರುತು ಸಿಗಲಿಲ್ಲ. ಬದು ಇಲ್ಲ, ಹೊಂಗೆ ಮರ ಇಲ್ಲ. ಮಣ್ಣಿನ ಬಣ್ಣದಿಂದ ತಿಳಿಯಿತು. ಗಾಜು ತೊಳೆದ ನೀರು ತೊಟ್ಟಿಕ್ಕುವ ಕಡೆ ಸಾಲಾಗಿ ಗಿಡಗಳಿದ್ದವು. ಚಿಕ್ಕ ಎಲೆ, ದಪ್ಪ. ಯಾರೂ ಬಿತ್ತದೆ ತಾವಾಗಿ ಎದ್ದ ಹೊಗೆಸೊಪ್ಪು. ಚಿಕ್ಕಕ್ಕ ಒಂದು ಕುಡಿ ಮುರಿದು ನಾಲಿಗೆಗೆ ಇಟ್ಟುಕೊಂಡಳು. ಕಹಿಗೆ ಮುಖ ಹಿಂಡಿತು.

ಅಷ್ಟರಲ್ಲಿ ಲಕ್ಷ್ಮೀಪತಿ ಬಂದ. ಕಂಪನಿಯ ಟೋಪಿ ಹಾಕಿಕೊಂಡು, ಗುತ್ತಿಗೆ ಕೊಟ್ಟ ಹೊಲ ನೋಡಲು ತಮ್ಮನ ಮಗನ ಜತೆ.

"ಏನೇ ಚಿಕ್ಕಕ್ಕ. ಸಿರಾದಾಗೆ ಬಾಳೆ ಎಲೆ ಬೆಳ್ದ್ಯಂತೆ. ಏನಂತು ನಿನ್ನ ಬೀಜ?"

ಹೆಂಗಸರು ನಕ್ಕರು.

"ನೆಲದ ಗುಣ ಅಂದಿದ್ನೋ ಇಲ್ವೋ?"

"ಅಂದಿದ್ರಿ ಸಾಮಿ. ದಿಟ. ನೆಲದ್ದೇ ಗುಣ." ಅವಳು ಸೊಂಟಕ್ಕೆ ಕೈಕೊಟ್ಟು ಕಬ್ಬಿಣದ ಕೆಳಗಿಂದ ಆಚೆ ಬಂದು ನೆಟ್ಟಗೆ ನಿಂತಳು. "ಆ ನೆಲ ಮಾಡ್ದೋರ್ಯಾರು?"

"ಏನು?"

"ಇದು ನಮ್ಮ ಒಲೆ ಬೂದಿ ಸಾಮಿ. ನಮ್ಮೋರು ಉಂಡು, ಉಚ್ಚೆ ಹೊಯ್ದು, ಹೆತ್ತು, ಕಸ ಹೂತಿದ್ ಜಾಗ. ನಮ್ಮ ಗಾಳಿ ಸೋಕ್ತದೆ ಅಂತ ಎಬ್ಬಿಸಿ ಓಡ್ಸಿದ್ರಿ. ನಮ್ಮ ಉಚ್ಚೇಲಿ ಬೆಳ್ದಿದ್ನ ಮಾರ್ಕೊಂಡು ತಿಂದ್ರಿ. ಈಗ ಬಾಡಿಗೇನೂ ತಿಂತಿದ್ದೀರ. ನೆಲ ನಮ್ದು."

ಲಕ್ಷ್ಮೀಪತಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ಪಹಣೀಲಿ ಬರ್ಸಿದೀಯೇನೇ?" ಅಂದ. "ಇಂಥಾ ಸರ್ವೆ ನಂಬರ್ನಾಗೆ ಇಂತಿಂಥೋರು ಉಚ್ಚೆ ಹೊಯ್ದವ್ರೆ ಅಂತ?"

ಮೊದಲು ನಕ್ಕಿದ್ದು ನಮ್ಮ ಪಕ್ಕದ ಮನೆಯ ಸರೋಜಮ್ಮ. ಆಮೇಲೆ ಎಲ್ಲರೂ. ನಗದವರಿಗೆ ಮಾರನೆ ದಿನ ಟೆಂಪೋದಲ್ಲಿ ಜಾಗವಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಕೆಲವರಿಗೆ ನಿಜವಾಗಿಯೂ ನಗು ಬಂದಿತ್ತು.

ನವೀನ್‌ಕುಮಾರ್ ಕಳೆ ಔಷಧಿಯ ಪಂಪು ತಂದು ಅವಳ ಕಾಲ ಹತ್ತಿರ ಇಟ್ಟ. "ಆ ಹೊಗೆಸೊಪ್ಪಿಗೆ ಹೊಡಿ. ಬುಡ ಉಳೀಬಾರ್ದು."

"ಹೊಡಿಯಲ್ಲ."

"ಏನಂದೆ?"

"ಹೊಡಿಯಲ್ಲ ಅಂದೆ. ಬೇರೆ ಯಾವ ಕಳೆ ಬೇಕಾದ್ರೂ ಕೊಯ್ತೀನಿ. ಇದ್ನ ನನ್ನ ಕೈಯಿಂದ ಸಾಯ್ಸಲ್ಲ."

ಅವಳು ಗಿಡಗಳ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ಕಾಲು ಚಾಚಿ, ಮನೆಯಲ್ಲಿ ಕೂರುವ ಹಾಗೆ. ನವೀನ್‌ಕುಮಾರ್ ಪಂಪನ್ನು ಸರೋಜಮ್ಮನ ಬೆನ್ನಿಗೆ ಏರಿಸಿದ. ಸರೋಜಮ್ಮ ಹೊಡೆದಳು. ಔಷಧಿ ಎಲೆಯ ಮೇಲೆ ಬಿತ್ತು, ಚಿಕ್ಕಕ್ಕನ ಸೀರೆಯ ಮೇಲೂ ಬಿತ್ತು. ಅವಳು ಏಳಲಿಲ್ಲ. ನಾನು ಪಕ್ಕದ ಸಾಲಿನಲ್ಲಿ ಹುಲ್ಲು ಕತ್ತರಿಸುತ್ತಿದ್ದೆ. ಕುಡ್ಲು ನಿಲ್ಲಿಸಲಿಲ್ಲ. ಮನೆಯಲ್ಲಿ ಉಣ್ಣುವ ಬಾಯಿಗಳಿದ್ದವು. ಇಬ್ಬರಲ್ಲಿ ಒಬ್ಬಳಾದರೂ ಟೆಂಪೋದಲ್ಲಿ ಇರಬೇಕು ಎಂದು ಅವಳೂ ಕಣ್ಣಿನಲ್ಲೇ ಹೇಳಿದಳು. ಅಥವಾ ಹಾಗೆ ಹೇಳಿದಳೆಂದು ನಾನು ಅಂದುಕೊಂಡೆ.

ಮಾರನೆ ಬೆಳಿಗ್ಗೆ ಅವಳು ಕುಡ್ಲು ಹಿಡಿದು ಎಲ್ಲರ ಜತೆ ನಿಂತಿದ್ದಳು. ನವೀನ್‌ಕುಮಾರ್ ಒಬ್ಬೊಬ್ಬರ ಹೆಸರು ಕೂಗಿದ. ಅವಳದು ಕೂಗಲಿಲ್ಲ. ಟೆಂಪೋ ಹೊರಟಿತು. ಅದರ ಮಾರನೆ ದಿನವೂ ನಿಂತಳು. ಆಮೇಲೆಯೂ ನಿಂತಳು. ಅವನು ಅವಳ ಎಡಗಡೆಯವರನ್ನು ಕರೆಯುತ್ತಿದ್ದ, ಬಲಗಡೆಯವರನ್ನು ಕರೆಯುತ್ತಿದ್ದ. ಕಣ್ಣು ಅವಳ ಮೇಲಿಂದ ದಾಟಿಸುವುದು ಅವನಿಗೆ ದಿನದಿನಕ್ಕೆ ಕಷ್ಟವಾಗುತ್ತಿತ್ತು.

"ಯಾಕ್ ನಿಂತ್ಕೋತೀಯ ಅತ್ತೆ? ಅವ್ನು ಕರೆಯಲ್ಲ."

"ಕೆಲ್ಸ ಕೇಳಾಕಲ್ಲ ಕಣಮ್ಮ. ನಮ್ಮೋರ್ನ ಒಂದೇ ದಪ ಎಬ್ಬಿಸಿ ಕಳ್ಸ್‌ಬುಟ್ರು. ಆಮೇಲೆ ಒಬ್ರೂ ನೆನಸ್ಕೊಳ್ಳಿಲ್ಲ. ನನ್ನ ದಿನಾ ಕಳ್ಸ್‌ಲಿ. ದಿನಾ ನನ್ನ ಮಕ ನೋಡಿ ಬುಟ್ಟೋಗ್ಲಿ."

ಸ್ವಲ್ಪ ಕಾಲ ಹಾಗೆ ನಡೆಯಿತು. ಆಮೇಲೆ ನವೀನ್‌ಕುಮಾರ್ ಟೆಂಪೋವನ್ನು ಕೇರಿಗೆ ತರುವುದನ್ನೇ ಬಿಟ್ಟ. ಕೆಲಸ ಬೇಕಾದವರು ಪಾವಗಡ ರಸ್ತೆಯ ಕ್ರಾಸ್‌ಗೆ ಬರಬೇಕು ಅಂದ. ದೂರದ ನಡಿಗೆ. ಬಸುರಿಯರೂ ನಡೆಯಬೇಕು. ಸರೋಜಮ್ಮ ದಾರಿಯುದ್ದಕ್ಕೂ ನನಗೆ ಕೇಳುವ ಹಾಗೆ ಬೈಯುತ್ತಾಳೆ. "ಇವ್ರತ್ತೆ ಬಾಯ್ ಮುಚ್ಕೊಂಡಿದ್ದಿದ್ರೆ ನಮ್ಗೆ ಈ ಗತಿ ಇತ್ತಾ? ನೆಲ ಬೇಕಂತೆ, ನೆಲ." ಹಟ್ಟಿಬಾಗಿಲಲ್ಲಿ ನಿಂತು ಚಿಕ್ಕಕ್ಕನಿಗೆ ಒಂದು ಲೋಟ ನೀರು ಕೊಡುತ್ತಿದ್ದವರೂ ಈಗ ಬಾಗಿಲು ಹಾಕಿಕೊಳ್ಳುತ್ತಾರೆ.

ಅವಳ ಮಂಡಿ ಹೋಗಿದೆ. ಆದರೂ ನಮಗಿಂತ ಮುಂಚೆ ಹೊರಡುತ್ತಾಳೆ. ಅರ್ಧ ದಾರಿಯಲ್ಲಿ ನಾವು ಅವಳನ್ನು ದಾಟಿ ಹೋಗುತ್ತೇವೆ. ಯಾರೂ ಮಾತಾಡಿಸುವುದಿಲ್ಲ. ನಾನು ನಿಧಾನ ಮಾಡಿದರೆ, "ನಡಿ, ನಿನ್ನ ಹೆಸ್ರು ಕೂಗ್ತಾನೆ" ಅನ್ನುತ್ತಾಳೆ. ಅವಳು ಕ್ರಾಸ್ ಮುಟ್ಟುವ ಹೊತ್ತಿಗೆ ಟೆಂಪೋ ಹೋಗಿರುತ್ತದೆ. ಅಲ್ಲಿ ಅವಳನ್ನು ನೋಡಿ ಬಿಟ್ಟು ಹೋಗಲು ಯಾರೂ ಇರುವುದಿಲ್ಲ.

ಸಂಜೆ ಮನೆಗೆ ಬಂದರೆ ಮಂಡಿಗೆ ಹರಳೆಣ್ಣೆ ತಿಕ್ಕುತ್ತಾ ಕೂತಿರುತ್ತಾಳೆ. ನಾಳೆ ಇನ್ನೂ ಬೇಗ ಏಳಬೇಕು ಅನ್ನುತ್ತಾಳೆ.